ಕಾಲುದಾರಿ ಕಟ್ಟಲು ಹೆಬ್ರಿಗೆ ಎರಡು ಸಲ ಹೋಗಿ

ಘಟ್ಟದ ಬುಡದ ಊರುಗಳಲ್ಲಿ ಚಾರಣದ ದಾರಿ ಮಾಡಲು ಹೊರಡುವ ತಂಡಗಳು ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಬರುತ್ತವೆ. ಆಗ ಹವೆ ಹಿತ, ತೋಡುಗಳಲ್ಲಿ (ಸಣ್ಣ ಹಳ್ಳಗಳಲ್ಲಿ) ನೀರು ಕಡಿಮೆ, ಎಲ್ಲಿ ಬೇಕಾದರೂ ಕಾಲಿಡಬಹುದು. ಎರಡು ದಿನ ಅಗೆದು, ಮರಗಳಿಗೆ ಬಾಣದ ಗುರುತು ಬಳಿದು ಹೊರಡುತ್ತಾರೆ. ಮುಂದಿನ ಆಗಸ್ಟ್ ಹೊತ್ತಿಗೆ ಅದೇ ದಾರಿಯಲ್ಲಿ ಮೊಣಕಾಲುದ್ದ ಕೊರಕಲು ಬಿದ್ದು, ಕೆಳಗಿನವರ ಗದ್ದೆಗೆ ಕೆಂಪು ಮಣ್ಣು ಇಳಿದಿರುತ್ತದೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗುಂಬೆಯ ಕಡೆಗೆ ಹೋದಂತೆ ಇನ್ನೂ ಜಾಸ್ತಿ. ಆ ನೀರು ಎಲ್ಲಿ ಹರಿಯುತ್ತದೆ ಎಂದು ಕಣ್ಣಾರೆ ನೋಡದೆ ಹಾರೆ ಹಿಡಿಯಬಾರದು. ಹಾಗಾಗಿ ಜುಲೈನಲ್ಲಿ ಒಂದು ದಿನ ನೋಡುವುದಕ್ಕೆ, ದೀಪಾವಳಿ ಕಳೆದ ಮೇಲೆ ಮೂರು ದಿನ ಕೆಲಸಕ್ಕೆ ಎಂದು ಎರಡು ಪ್ರಯಾಣ ಇಟ್ಟುಕೊಳ್ಳಿ.

ಹೋಗುವುದು ಸುಲಭ. ಉಡುಪಿಯಿಂದ ಮಣಿಪಾಲ, ಹಿರಿಯಡಕ, ಪೆರ್ಡೂರು ದಾಟಿದರೆ ಹೆಬ್ರಿ. ರಾಷ್ಟ್ರೀಯ ಹೆದ್ದಾರಿ 169ಎ ಇದೇ ದಾರಿಯಾಗಿ ಸೋಮೇಶ್ವರಕ್ಕೆ ಹೋಗಿ ಆಗುಂಬೆ ಘಾಟಿ ಹತ್ತುತ್ತದೆ. ಮಂಗಳೂರಿನವರು ಮೂಡುಬಿದಿರೆ, ಕಾರ್ಕಳ ದಾರಿಯಾಗಿ ಬರಬಹುದು. ಹೆಬ್ರಿಯಿಂದ ಒಳಗಿನ ಊರುಗಳಿಗೆ ಬಸ್ಸು ವಿರಳ. ಸಾಮಾನು ಸಾಗಿಸಲು ಒಂದು ಪಿಕಪ್ ಮೊದಲೇ ಹೇಳಿಡಿ. ಬೇಕಾದ ಅಂಗಡಿ ಸಾಮಾನನ್ನೆಲ್ಲ ಹೆಬ್ರಿಯಲ್ಲೇ ಕೊಂಡುಬಿಡಿ, ಮುಂದೆ ಮೊಬೈಲ್ ಸಿಗ್ನಲ್ಲಿನ ಭರವಸೆಯೂ ಇಲ್ಲ.

ಜುಲೈ ಭೇಟಿಗೆ ನಾಲ್ಕು ಜನ ಸಾಕು. ಊರಿನ ಇಬ್ಬರು ಜೊತೆಗಿರಲಿ, ಅವರಲ್ಲಿ ಒಬ್ಬರು ದಿನಾ ಸೊಪ್ಪು, ಹುಲ್ಲು ಹೊರುವ ಹೆಂಗಸಾಗಿದ್ದರೆ ಬಹಳ ಒಳ್ಳೆಯದು. ಯಾವ ದರೆ ಪ್ರತಿವರ್ಷ ಜರಿಯುತ್ತದೆ, ಯಾವ ತೋಡನ್ನು ಮಕ್ಕಳು ಶಾಲೆಗೆ ಹೋಗುವಾಗ ದಾಟಲಾಗುವುದಿಲ್ಲ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿಲ್ಲ. ಜೋರು ಮಳೆ ನಿಂತ ಅರ್ಧ ಗಂಟೆಯೊಳಗೆ ನಡೆಯಿರಿ. ಹಳೆಯ ಕಾಲುದಾರಿಯಲ್ಲಿ ನೀರು ಎಲ್ಲಿ ಒಳಬರುತ್ತದೆ, ಎಷ್ಟು ದೂರ ದಾರಿಯಲ್ಲೇ ಓಡುತ್ತದೆ, ಎಲ್ಲಿ ಹೊರಬೀಳುತ್ತದೆ ಎಂದು ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ತೋಡಿನ ದಂಡೆಯ ಗಿಡಗಳಲ್ಲಿ ತರಗೆಲೆ, ಕಸ ಸಿಕ್ಕಿಕೊಂಡ ಎತ್ತರ ನೋಡಿ. ನೆರೆ ಅಲ್ಲಿಯವರೆಗೆ ಬಂದಿತ್ತೆಂದು ಅರ್ಥ. ಮುಂದೆ ಸಂಕ (ಕಾಲುಸೇತುವೆ) ಹಾಕುವಾಗ ಅದರ ಕೆಳಭಾಗ ಈ ಗುರುತಿಗಿಂತ ಎರಡಡಿಯಾದರೂ ಮೇಲಿರಬೇಕು. ಆ ಭೇಟಿಗೆ ಇಂಬಳದ ಕಾಟ ತಪ್ಪದು, ಒಂದು ಬಟ್ಟೆಯಲ್ಲಿ ಉಪ್ಪು ಕಟ್ಟಿ ಕೋಲಿಗೆ ಸಿಕ್ಕಿಸಿಕೊಂಡರೆ ಆಯಿತು.

ಜಾಗದ ವಿಷಯದಲ್ಲಿ ಅವಸರ ಬೇಡವೇ ಬೇಡ. ಹೆಬ್ರಿಯ ಸುತ್ತ ಸೋಮೇಶ್ವರ ವನ್ಯಜೀವಿಧಾಮವಿದೆ, ಅದರಾಚೆ ಕುದುರೆಮುಖ ರಾಷ್ಟ್ರೀಯ ಉದ್ಯಾನವಿದೆ. ಇವುಗಳ ಗಡಿಯೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ಕೊಂಬೆ ಕಡಿದರೂ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ತಪ್ಪು. ಊರಿನ ದಾರಿ ಊರಿನ ಜಾಗದಲ್ಲೇ ಇರಲಿ ಎಂಬುದು ನಮ್ಮ ಖಚಿತ ಅಭಿಪ್ರಾಯ: ಗದ್ದೆಯ ಕಟ್ಟಪುಣಿ (ಬದು), ತೋಟದ ಅಂಚು, ಹಾಡಿ (ಮರಗಿಡಗಳ ತೋಪು), ಗುಡ್ಡೆ, ಮತ್ತೆ ಇನ್ನೊಂದು ಮನೆಯ ಅಂಗಳ. ನಡೆಯಲು ಬಂದವರು ಮನೆಗಳನ್ನು ಹಾದುಹೋದರೆ ಮಾತ್ರ ಪುನರ್ಪುಳಿ ಶರಬತ್ತೋ ಮಧ್ಯಾಹ್ನದ ಊಟವೋ ಮಾರಾಟವಾಗುತ್ತದೆ. ಜಲಪಾತಕ್ಕೆ ನೇರ ಹೋಗಿ ನೇರ ಬರುವ ದಾರಿಯಿಂದ ಊರಿಗೆ ಉಳಿಯುವುದು ಪ್ಲಾಸ್ಟಿಕ್ ಬಾಟಲಿ ಮಾತ್ರ. ಗ್ರಾಮ ಆಡಳಿತಾಧಿಕಾರಿಯ ಕಚೇರಿಯಲ್ಲಿ ಸರ್ವೆ ನಂಬರ್ ಹಿಡಿದು ಪಹಣಿ, ನಕ್ಷೆ ನೋಡಿ. ಎಡವುವುದು ಕುಮ್ಕಿಯಲ್ಲಿ. ಅದು ಸರ್ಕಾರಿ ಜಾಗ, ಆದರೆ ಪಕ್ಕದ ವರ್ಗದಾರರಿಗೆ (ಪಟ್ಟಾ ಜಮೀನಿನ ಒಡೆಯರಿಗೆ) ಅಲ್ಲಿ ಸೊಪ್ಪು, ತರಗೆಲೆ ತೆಗೆಯುವ ಹಕ್ಕಿದೆ. ಹಾಗಾಗಿ ಪಂಚಾಯತಿಯ ಪತ್ರವೂ ಬೇಕು, ಆ ಮನೆಯವರ ಒಪ್ಪಿಗೆಯೂ ಬೇಕು. ನಾಗಬನ, ದೈವದ ಕಟ್ಟೆಗಳನ್ನು ದೂರದಿಂದಲೇ ಬಳಸಿ ಹೋಗಿ. ಎಷ್ಟು ದೂರ ಎಂಬುದನ್ನು ಆ ಮನೆತನದವರೇ ಹೇಳಲಿ. ಇದಿಷ್ಟೂ ಗ್ರಾಮಸಭೆಯಲ್ಲಿ ಮಾತಾಗಿ ನಡಾವಳಿ ಪುಸ್ತಕದಲ್ಲಿ ಬರೆದಾದ ಮೇಲೆ ಕೆಲಸದ ತಾರೀಕು ಗೊತ್ತುಮಾಡಿ. ಎಣೆಲು (ಮಳೆಗಾಲದ ಭತ್ತದ ಬೆಳೆ) ಕೊಯ್ಲು ನಡೆಯುವಾಗ ಯಾರಿಗೂ ಪುರುಸೊತ್ತಿರುವುದಿಲ್ಲ ಎಂಬುದೂ ನೆನಪಿರಲಿ.

ನವೆಂಬರಿನ ಕೆಲಸದ ಮೊದಲ ದಿನವಿಡೀ ಗುರುತು ಹಾಕುವುದಕ್ಕೇ ಬೇಕು. ದುಬಾರಿ ಉಪಕರಣ ಬೇಡ. ಮೇಸ್ತ್ರಿಗಳು ಬಳಸುವ ಪಾರದರ್ಶಕ ಲೆವೆಲ್ ಪೈಪು 12 ಮೀಟರ್, ಸೆಂಟಿಮೀಟರ್ ಗುರುತು ಹಾಕಿದ 2 ಮೀಟರಿನ ಎರಡು ಕೋಲು, 10 ಮೀಟರ್ ಹಗ್ಗ, ಕೆಂಪು ಬಟ್ಟೆಯ ಪಟ್ಟಿಗಳು ಸಾಕು. ಪೈಪಿಗೆ ನೀರು ತುಂಬಿ, ಎರಡು ತುದಿಯನ್ನೂ ಕೋಲುಗಳಿಗೆ ಕಟ್ಟಿ, ಹಗ್ಗದ ಅಳತೆಗೆ ಇಬ್ಬರು ನಿಲ್ಲಬೇಕು. ಕೆಳಗಿನವರ ಕೋಲಿನಲ್ಲಿ ನೀರು 140 ಸೆಂ.ಮೀ.ಗೆ, ಮೇಲಿನವರ ಕೋಲಿನಲ್ಲಿ 60ಕ್ಕೆ ನಿಂತರೆ 10 ಮೀಟರಿಗೆ 80 ಸೆಂ.ಮೀ. ಏರಿದ ಹಾಗಾಯಿತು, ಅಂದರೆ ಶೇ 8. ಪೈಪಿನೊಳಗೆ ಗಾಳಿಗುಳ್ಳೆ ಉಳಿದರೆ ಅಳತೆ ಸುಳ್ಳಾಗುತ್ತದೆ. ಎರಡು ತುದಿಯನ್ನು ಒಟ್ಟಿಗೆ ಹಿಡಿದು ನೀರು ಸಮ ನಿಲ್ಲುತ್ತದೆಯೇ ಎಂದು ಆಗಾಗ ನೋಡಿಕೊಳ್ಳಿ. ಸರಾಸರಿ ಏರು ಶೇ 10 ಮೀರಬಾರದು. ಜೊತೆಗೆ, ಗುಡ್ಡದ ಇಳಿಜಾರು ಎಷ್ಟಿದೆಯೋ ಅದರ ಅರ್ಧಕ್ಕಿಂತ ದಾರಿಯ ಏರು ಕಡಿಮೆ ಇರಬೇಕು. ಗುಡ್ಡ ಶೇ 16 ಇದ್ದರೆ ದಾರಿ ಶೇ 8ರೊಳಗೆ. ಅದನ್ನು ಮೀರಿದರೆ ನೀರು ದಾರಿಯನ್ನು ಅಡ್ಡ ದಾಟದೆ ದಾರಿಯನ್ನೇ ಹಿಡಿದು ಓಡುತ್ತದೆ. ಪ್ರತಿ 10ರಿಂದ 15 ಮೀಟರಿಗೊಮ್ಮೆ ಏರುವ ದಾರಿಯನ್ನು ಮೂರು ನಾಲ್ಕು ಹೆಜ್ಜೆ ಇಳಿಸಿ ಮತ್ತೆ ಏರಿಸಿ. ಆ ತಗ್ಗಿನಲ್ಲಿ ನೀರು ಹೊರಬೀಳುತ್ತದೆ. ಬೇರೆ ಕಡೆ 30 ಮೀಟರಿಗೊಂದು ನಡೆದೀತು, ನಮ್ಮ ಮಳೆಗೆ ಅದು ಸಾಲದು.

ಅಗೆಯಲು ಬೇಕಾದದ್ದು ಪಿಕ್ಕಾಸು, ಅಗಲ ಎಲೆಯ ಗುದ್ದಲಿ (ತುಳುವಿನಲ್ಲಿ ಕೊಟ್ಟು), ಕತ್ತಿ, ಬುಟ್ಟಿ, ಕಲ್ಲು ಎಬ್ಬಿಸಲು ಕಬ್ಬಿಣದ ಸಲಾಕೆ. ಹನ್ನೆರಡು ಜನರಿಗೆ ಆರು ಪಿಕ್ಕಾಸು, ಆರು ಗುದ್ದಲಿ ಸರಿಹೋಗುತ್ತದೆ. ಇಬ್ಬರ ನಡುವೆ ಮೂರು ಮೀಟರ್ ಅಂತರವಿರಲಿ. ಮೊದಲು ತರಗೆಲೆ ಮತ್ತು ಕರಿ ಮೇಲ್ಮಣ್ಣನ್ನು ಪೂರ್ತಿ ಸರಿಸಿ ಗಟ್ಟಿ ಮಣ್ಣು ತೋರಿಸಬೇಕು. ದಾರಿಯ 75ರಿಂದ 90 ಸೆಂ.ಮೀ. ಅಗಲವನ್ನೂ ಗುಡ್ಡದೊಳಕ್ಕೇ ಕಡಿಯಬೇಕು. ಅರ್ಧ ಕಡಿದು, ಆ ಮಣ್ಣನ್ನೇ ಹೊರಗಂಚಿಗೆ ಹಾಕಿ ಅಗಲ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಸಡಿಲ ಮಣ್ಣು ಮೊದಲ ಮಳೆಗೇ ಜಾರುತ್ತದೆ, ಅದರ ಮೇಲೆ ಕಾಲಿಟ್ಟವರೂ ಜಾರುತ್ತಾರೆ. ಕಡಿದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ದೂರ ಚೆಲ್ಲಿ. ದಾರಿಯ ಮೈ ಹೊರಗಡೆಗೆ 4–5 ಸೆಂ.ಮೀ. ವಾಲಿರಲಿ. ಹೊರಗಂಚಿನಲ್ಲಿ ಮಣ್ಣಿನ ಸಣ್ಣ ದಿಣ್ಣೆ ಉಳಿದರೂ ನೀರು ಒಳಗೇ ಸಿಕ್ಕಿ ಕಾಲುವೆಯಾಗುತ್ತದೆ. ಸಂಜೆ ಒಂದು ಕೊಡ ನೀರು ಸುರಿದು ಅದು ಎತ್ತ ಹೋಗುತ್ತದೆಂದು ನೋಡಿ. ಕೆಲಸ ಸರಿಯಾಗಿದೆಯೇ ಎನ್ನಲು ಇದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ. ಹೊಸಬರು ದಿನಕ್ಕೆ ತಲಾ ನಾಲ್ಕು ಮೀಟರ್ ಮಾಡಿದರೆ ಒಳ್ಳೆಯ ಕೆಲಸ, ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ಸಿಕ್ಕಿದಲ್ಲಿ ಎರಡೇ. ಆದ್ದರಿಂದ ಎರಡು ದಿನಕ್ಕೆ ನೂರು ಮೀಟರಿಗಿಂತ ಹೆಚ್ಚು ಒಪ್ಪಿಕೊಳ್ಳಬೇಡಿ. ಉಳಿದ ದೂರಕ್ಕೆ ಹಳೆಯ ದಾರಿಯೇ ಇರಲಿ, ಕೆಟ್ಟ ತುಂಡುಗಳನ್ನು ಮಾತ್ರ ಬದಲಿಸಿ. ಸಿಮೆಂಟಿನ ಮೆಟ್ಟಿಲು ಬೇಡ. ಅಡಿಯ ಮಣ್ಣು ಕೊಚ್ಚಿಹೋಗಿ ಮೆಟ್ಟಿಲು ಅಡಿಗೆ ಆಸರೆಯಿಲ್ಲದೆ ನಿಲ್ಲುತ್ತದೆ.

ಸಂಕದ ಕೆಲಸವನ್ನು ಊರಿನ ಬಲ್ಲವರಿಗೇ ಬಿಡಿ, ಕೈ ಜೋಡಿಸಿ ಕಲಿಯಿರಿ. ಮೂರು ಮೀಟರಿನೊಳಗಿನ ತೋಡಿಗೆ ಬಲಿತ ಅಡಿಕೆ ಮರದ ಐದಾರು ಕಾಂಡಗಳನ್ನು ಬುಡ-ತುದಿ ಅದಲುಬದಲಾಗಿ ಜೋಡಿಸಿ, ಎರಡೂ ದಂಡೆಯಲ್ಲಿ ಕಲ್ಲಿನ ಕಟ್ಟೆಯ ಮೇಲೆ ಕೂರಿಸಿ, ಅಡ್ಡಪಟ್ಟಿ ಹಾಕಿ ಬಿಗಿಯುತ್ತಾರೆ. ಕಾಂಡದ ತುದಿ ಮಣ್ಣಿಗೆ ತಾಗಿದರೆ ಅಲ್ಲೇ ಕುಂಬಾಗಲು ಶುರು. ಮಳೆಯಲ್ಲಿ ಹಾವಸೆ ಕಟ್ಟಿ ಜಾರುತ್ತದೆ, ಅದಕ್ಕೆ ಮೇಲೆ ತಂತಿಬಲೆ ಬಡಿದು, ಒಂದು ಬದಿಗೆ ಬಿದಿರಿನ ಕೈತಾಂಗು ಕೊಡಿ. ಪ್ರತಿ ಮೇ ತಿಂಗಳಲ್ಲಿ ಕತ್ತಿಯ ಮೊನೆಯಿಂದ ಕಾಂಡ ಚುಚ್ಚಿ ನೋಡಬೇಕು. ಮೊನೆ ಮೆತ್ತಗೆ ಇಳಿದರೆ ಆ ಕಾಂಡ ತೆಗೆಯಿರಿ. ತೋಡು ಇದಕ್ಕಿಂತ ಅಗಲವಿದ್ದರೆ ಅದು ಪಂಚಾಯತಿ ಎಂಜಿನಿಯರರ ಕೆಲಸ.

ಅಪಾಯಗಳಲ್ಲಿ ಹೊರಗಿನವರು ಮರೆಯುವುದು ಎರಡು. ಒಂದು, ಚೇರೆ ಮರ. ಅದರ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಊರಿನವರು ತೋರಿಸದೆ ಯಾವ ಕೊಂಬೆಗೂ ಕತ್ತಿ ಹಾಕಬೇಡಿ. ಇನ್ನೊಂದು, ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಈ ಜ್ವರ ರಕ್ತ ಹೀರುವ ಸಣ್ಣ ಉಣುಗುಗಳಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಒಣ ತರಗೆಲೆಯ ಕಾಲದಲ್ಲೇ ಅದರ ಹಾವಳಿ; ದಾರಿ ಅಗೆಯುವ ಕಾಲವೂ ಅದಕ್ಕೆ ಹತ್ತಿರವೇ. ತರಗೆಲೆಯ ಮೇಲೆ ಕೂರಬೇಡಿ, ಕಾಲುಚೀಲದೊಳಗೆ ಪ್ಯಾಂಟು ಸಿಕ್ಕಿಸಿ, ಉಣುಗು ಹತ್ತದಂತೆ ಮೈಗೆ ಡೆಪಾ ತೈಲ ಹಚ್ಚಿ, ಸಂಜೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ತೊಳೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮನೆಗೆ ಮರಳಿದ ಒಂದು ವಾರ ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದೆವೆಂದು ವೈದ್ಯರಿಗೆ ಹೇಳಲೇಬೇಕು. ಕಲ್ಲನ್ನು ಬರಿಗೈಯಲ್ಲಿ ಎತ್ತಬಾರದು, ಅಡಿಯಲ್ಲಿ ಮಂಡಲದ ಹಾವಿರಬಹುದು.

ಊಟ, ವಸತಿ ಊರಿನ ಮನೆಗಳಲ್ಲೇ ಸರದಿಯಂತೆ ಆಗಲಿ, ದರವನ್ನು ಆ ಮನೆಯ ಹೆಂಗಸರೇ ಹೇಳಲಿ, ಚೌಕಾಸಿ ಬೇಡ. ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು ಉಂಡು ಮಾಡುವ ಕೆಲಸಕ್ಕೆ ಸುಸ್ತು ಕಡಿಮೆ. ನಿಮ್ಮ ಜೊತೆ ಅಗೆಯುವ ಊರಿನವರಿಗೆ ಆ ದಿನದ ಕೂಲಿ ಕೊಡಿ. ನಿಮಗದು ರಜೆ, ಅವರಿಗೆ ತೋಟದ ಕೆಲಸ ಬಿಟ್ಟು ಬಂದ ದಿನ. ಹೊರಡುವ ಮೊದಲು ದಾರಿಯನ್ನು 500 ಮೀಟರಿನ ತುಂಡುಗಳಾಗಿ ಸ್ವಸಹಾಯ ಸಂಘಗಳಿಗೆ ಹಂಚಿ, ವರ್ಷಕ್ಕೆ ಮೂರು ಸಲ ಸವರುವ ಖರ್ಚನ್ನು ನಡೆಯಲು ಬರುವವರ ಶುಲ್ಕದಿಂದ ತೆಗೆದಿಡುವಂತೆ ಬರೆಸಿ: ಮೇ ಕೊನೆಗೆ ತಗ್ಗುಗಳ ತರಗೆಲೆ ತೆಗೆಯಲು, ಜುಲೈನಲ್ಲಿ ಕಟ್ಟಿಕೊಂಡ ಮಣ್ಣು ಬಿಡಿಸಲು, ಅಕ್ಟೋಬರಿನಲ್ಲಿ ಬಳ್ಳಿ, ಮುಳ್ಳು ಸವರಲು. ಜುಲೈ ಸರದಿಗೆ ನೀವೂ ಒಂದು ದಿನ ಬನ್ನಿ, ಗುದ್ದಲಿ ಇಲ್ಲದಿದ್ದರೂ ಕೊಡೆ ತನ್ನಿ.