ಒಂದು ಶೀಟಿನಲ್ಲಿ ಪುಸ್ತಕದ ಕಪಾಟು: ಕಟಿಂಗ್ ಮುಕ್ಕಾಲು ಮುಗಿಯಿತು

ರವಿವಾರದ ಹೊತ್ತಿಗೆ 18 ಎಂಎಂ ಪ್ಲೈನ ಒಂದೇ ಶೀಟಿನಿಂದ ಎರಡು ಬದಿ ಹಲಗೆ, ನಾಲ್ಕು ಅಡ್ಡ ಹಲಗೆ ಬಂದಿವೆ. ಬದಿ 1800×300, ಅಡ್ಡದ್ದು 764×300. ಎರಡು ಬದಿಗಳ ದಪ್ಪ 36 ಕೂಡಿಸಿದರೆ ಕಪಾಟಿನ ಅಗಲ 800.

8×4 ಅಂತ ಅಂಗಡಿಯವರು ಕೊಡುವ ಶೀಟು 2440×1220 ಇರುತ್ತದೆ. ನಾಲ್ಕು ಪಟ್ಟಿ ಬೇಕೆಂದರೆ 1220ನ್ನು ನಾಲ್ಕರಿಂದ ಭಾಗಿಸಿ 305 ಎಂದು ಬರೆದುಕೊಂಡರೆ ಕೆಟ್ಟಿತು. ಬ್ಲೇಡೂ ತನ್ನ ಪಾಲು ತಿನ್ನುತ್ತದೆ. ಕೈಯಲ್ಲಿ ಹಿಡಿದು ಓಡಿಸುವ ನನ್ನ ಸರ್ಕ್ಯುಲರ್ ಸಾ ಮಷೀನಿನ (ದುಂಡು ಬ್ಲೇಡಿನ ಗರಗಸ) 40 ಹಲ್ಲಿನ ಬ್ಲೇಡ್ ಪ್ರತಿ ಸಲ 2.4 ಎಂಎಂ ಪುಡಿ ಮಾಡುತ್ತದೆ. 300ರ ನಾಲ್ಕು ಪಟ್ಟಿ, ನಾಲ್ಕು ಕೊಯ್ತ, ಒಟ್ಟು 1209.6. ಉಳಿದ ಹತ್ತು ಎಂಎಂನಲ್ಲಿ ಲಾರಿಯಲ್ಲಿ ಪೆಟ್ಟು ತಿಂದ ಅಂಚೂ ಹೋಗುತ್ತದೆ.

ಹೆಚ್ಚು ಹೊತ್ತು ಹಿಡಿದದ್ದು ಗೈಡ್ ಪಟ್ಟಿ, ಅಂದರೆ ಮಷೀನ್ ನೆಟ್ಟಗೆ ಓಡಲೆಂದು ಶೀಟಿನ ಮೇಲೆ ಇಡುವ ಆಸರೆ. 6 ಎಂಎಂ ಪ್ಲೈನ ತಳ, ಅದರ ಮೇಲೆ 12 ಎಂಎಂ ಪ್ಲೈನ ಆಸರೆ ಪಟ್ಟಿ. ಅಲ್ಯೂಮಿನಿಯಂ ಪೈಪ್ ಹಾಕಬಹುದಿತ್ತು, ಆದರೆ ಬ್ಲೇಡಿನ ಆಳ ಹೆಚ್ಚು ಇಟ್ಟಾಗ ಮೋಟಾರು ಕೆಳಗೆ ಇಳಿದು ಎತ್ತರದ ಪೈಪಿಗೆ ತಾಗುತ್ತದೆ. ಆಸರೆ ಪಟ್ಟಿ ನೆಟ್ಟಗಿದೆಯೋ ಇಲ್ಲವೋ ನೋಡಲು ಅದರ ಅಂಚಿಗೆ ಪೆನ್ಸಿಲ್ ಗೆರೆ ಎಳೆದು, ಪಟ್ಟಿಯನ್ನು ಮಗುಚಿ ಅದೇ ಅಂಚನ್ನು ಅದೇ ಗೆರೆಗೆ ಹೊಂದಿಸಿ ಮತ್ತೊಮ್ಮೆ ಎಳೆದೆ. ಡೊಂಕಿದ್ದರೆ ಎರಡು ಗೆರೆಗಳ ನಡುವೆ ಅದು ಇಮ್ಮಡಿಯಾಗಿ ಕಾಣುತ್ತದೆ. ಇಲ್ಲಿ ಎರಡೂ ಒಂದಾದವು. ತಳವನ್ನು ಬೇಕೆಂದೇ ಅಗಲ ಬಿಟ್ಟಿದ್ದೆ. ಮಷೀನನ್ನು ಆಸರೆಗೆ ಒತ್ತಿ ಒಮ್ಮೆ ಓಡಿಸಿದಾಗ ಹೆಚ್ಚಿನ ಭಾಗ ಕಳಚಿಬಿತ್ತು. ಈಗ ತಳದ ಅಂಚು ಎಲ್ಲಿದೆಯೋ ಬ್ಲೇಡ್ ಅಲ್ಲೇ ಹಾಯುತ್ತದೆ. ಗೈಡ್ ಯಾವಾಗಲೂ ನಮಗೆ ಬೇಕಾದ ತುಂಡಿನ ಮೇಲೆ ಕೂರಬೇಕು, ಕೊಯ್ತದ ಪುಡಿ ಆಚೆ ಹೋಗಬೇಕು. ಬ್ಲೇಡ್ ಬದಲಿಸಿ ದಪ್ಪ ಬೇರೆಯಾದರೆ ಈ ಅಂಚು ಸುಳ್ಳಾಗುತ್ತದೆ, ಹಾಗಾಗಿ ಬ್ಲೇಡಿನ ವಿವರ ಗೈಡಿನ ಮೇಲೇ ಬರೆದಿಟ್ಟೆ.

ಪ್ಲಗ್ ಕಿತ್ತು ಇನ್ನೊಂದು ಪರೀಕ್ಷೆ: ಒಂದೇ ಹಲ್ಲನ್ನು ಮುಂದೆ, ಆಮೇಲೆ ಹಿಂದೆ ತಿರುಗಿಸಿ ಮಷೀನಿನ ತಳದ ಅಂಚಿನಿಂದ ಅಂತರ ಅಳೆಯುವುದು. ಎರಡೂ ಒಂದೇ ಬರಬೇಕು. ಬರದಿದ್ದರೆ ಗೈಡ್ ಎಷ್ಟೇ ನೆಟ್ಟಗಿದ್ದರೂ ಬ್ಲೇಡ್ ಓರೆಯಾಗಿ ಉಜ್ಜಿ ಅಂಚು ಸುಡುತ್ತದೆ.

ಓಣಿಯ ಬಡಿಗೇರ ಕಾಕಾ ನೋಡಲು ಬಂದಿದ್ದರು. ಅವರದು 4 ಇಂಚಿನ ಮಾರ್ಬಲ್ ಕಟರಿಗೆ ಮರದ ಬ್ಲೇಡ್ ಹಾಕಿದ ಸೆಟ್ಟಿಂಗು, ಬೆಳಗಾವಿಯಲ್ಲಿ ಎಲ್ಲೆಲ್ಲೂ ಕಾಣುವುದೇ. ಕೆಳಗೆ ತಾನಾಗಿ ಮುಚ್ಚಿಕೊಳ್ಳುವ ಗಾರ್ಡ್ ಅದಕ್ಕಿಲ್ಲ. ಅವರ ಕೈಯಳತೆಗೆ ನಮಸ್ಕಾರ, ಆದರೆ ನನಗೆ ಆ ಧೈರ್ಯ ಬೇಡ. ಬಂದವರೇ, "ಕಂಪನಿ ಅಂಚಂತ ನಂಬಬ್ಯಾಡೋ ತಮ್ಮಾ, ಮೊದ್ಲ ಕರ್ಣ ಹಿಡಿದ್ ನೋಡು," ಅಂದರು. "ಹೌದ್ರಿ ಕಾಕಾ," ಅಂತ ಟೇಪಿನ ಆ ತುದಿ ಅವರ ಕೈಗೇ ಕೊಟ್ಟೆ. ಎರಡೂ ಕರ್ಣ 2728. ಶೀಟು ಗುಣ್ಯಾದಲ್ಲೇ ಇತ್ತು, ಅಂದರೆ ಮೂಲೆಗಳು ಸರಿಯಾಗಿ 90 ಡಿಗ್ರಿ.

ನನ್ನ ಗೈಡಿನ ಉದ್ದವೂ ಶೀಟಿನಷ್ಟೇ 2440. ಮಷೀನಿಗೆ ಶುರುವಿನಲ್ಲೂ ಕೊನೆಯಲ್ಲೂ ಗೇಣಷ್ಟು ಆಸರೆ ಬೇಕು, ಅದಕ್ಕೇ ಮೊದಲು 1800ಕ್ಕೆ ಅಡ್ಡ ಕೊಯ್ದು ಆಮೇಲೆ ಉದ್ದಕ್ಕೆ ಸೀಳಿದೆ. ಇದರಿಂದ ಮೇಲಿನ ಮತ್ತು ತಳದ ಹಲಗೆ ಉಳಿದ 640ರ ತುಂಡಿನಲ್ಲಿ ಮರದ ಎಳೆಗೆ ಅಡ್ಡವಾಗಿ ಬರುತ್ತವೆ. ಪುಸ್ತಕದ ಭಾರ ಹೊರುವ ನಡುವಿನ ನಾಲ್ಕಕ್ಕೆ ಉದ್ದ ಎಳೆ ಸಿಕ್ಕಿತಲ್ಲ, ಸಾಕು. ಸನ್‌ಮೈಕಾ ಅಂಟಿಸಿದ ಮೇಲೆ ಯಾರಿಗೂ ಕಾಣದು.

ಕೆಳಗೆ ಹಾಸಿದ್ದು ದಪ್ಪ ಥರ್ಮಾಕೋಲ್. ಕೊಯ್ದ ಎರಡೂ ತುಂಡು ಮಲಗಿದಲ್ಲೇ ಇರುತ್ತವೆ, ಬ್ಲೇಡ್ ಸಿಕ್ಕಿಕೊಂಡು ಮಷೀನ್ ಹಿಂದಕ್ಕೆ ಒದೆಯುವುದಿಲ್ಲ. ಆಳ 29 ಎಂಎಂ: ಗೈಡ್ 6, ಪ್ಲೈ 18, ಹೊರಗೆ 5. ಹಲ್ಲು ಕೆಳಗಿನಿಂದ ಮೇಲಕ್ಕೆ ಏಳುವುದರಿಂದ ಸಿಬಿರು ಏಳುವುದು ಮೇಲಿನ ಮುಖದಲ್ಲಿ. ಚಂದದ ಮುಖ ಕೆಳಗೆ ಮಾಡಿದ್ದೆ. ಅಡ್ಡ ಕೊಯ್ಯುವಲ್ಲಿ ಮಾತ್ರ ಮೊದಲೇ ಚಾಕುವಿನಿಂದ ಗೀರಿದೆ. ಥರ್ಮಾಕೋಲ್ ಕಾಳು ಅನಗೋಳದ ಗಾಳಿಗೆ ಪಕ್ಕದ ಮಾಳಿಗೆಗೂ ಹಾರಿ ಅಲ್ಲಿನ ವೈನಿಯವರಿಂದ ಬೈಗುಳ ಬಂತು, ಗುಡಿಸಿ ಕೊಟ್ಟೆ.

300ನ್ನು ಟೇಪಿನಲ್ಲಿ ಅಳೆಯಲೇ ಇಲ್ಲ. ತುದಿಗೆ ತಡೆ ಬಡಿದ ಒಂದು ಪ್ಲೈ ತುಂಡನ್ನೇ ಅಳತೆಕೋಲು ಮಾಡಿ ಗೈಡಿನ ಎರಡೂ ತುದಿಗೆ ಹಚ್ಚಿದೆ. ಪಟ್ಟಿಗಳನ್ನು ಒಟ್ಟಿಗೆ ನಿಲ್ಲಿಸಿ ಬೆರಳಾಡಿಸಿದರೆ ಮೆಟ್ಟಿಲು ಸಿಗುವುದಿಲ್ಲ. 300ಕ್ಕೆ ಅರ್ಧ ಎಂಎಂ ಆಚೀಚೆ ಇದ್ದರೂ ಇರಲಿ, ಎಲ್ಲವೂ ಅಷ್ಟೇ ಆಚೀಚೆ ಇವೆ.

ಬಾಕಿ: ಮೇಲಿನ ಹಲಗೆ, ತಳದ್ದು, ಬೆನ್ನಿಗೆ 6 ಎಂಎಂ ಶೀಟು. ಅದಕ್ಕೆ 60 ಹಲ್ಲಿನ ಬ್ಲೇಡ್ ಹಾಕುವ ಮನಸ್ಸಿದೆ, ಅಂದರೆ ಇನ್ನೊಂದು ಗೈಡ್.