ಟವೆಲ್ ಕೆಳಗಿದ್ದ ಕೈ

ಹೋಮ್ ಕೇರ್ ಟೀಮಿನಲ್ಲಿ ನರ್ಸ್ ಆಗಿ ಇದು ನನಗೆ ಆರನೇ ವರ್ಷ. ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ದಿನಕ್ಕೆ ಏಳೆಂಟು ಮನೆ ಸುತ್ತುತ್ತೇವೆ. ಡ್ರೆಸಿಂಗ್, ಮೂತ್ರದ ಕ್ಯಾಥೆಟರ್, ಮೂಗಿನಿಂದ ಆಹಾರ ಕೊಡುವ ರೈಲ್ಸ್ ಟ್ಯೂಬ್, ಮಾತ್ರೆ, ಒಂದಿಷ್ಟು ಮಾತು. ಆ ಬುಧವಾರ ಲೈನ್ ಲಿಸ್ಟಿನಲ್ಲಿ, ಅಂದರೆ ಅವತ್ತು ಹೋಗಬೇಕಾದ ಮನೆಗಳ ಪಟ್ಟಿಯಲ್ಲಿ, ನಾಲ್ಕನೇ ಮನೆ ಈ ಅಜ್ಜಿಯದು. 74 ವರ್ಷ. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿವೆ. ಮಾತೂ ಹೋಗಿದೆ. ನೋಡಿಕೊಳ್ಳುವವರು ಮಗಳೊಬ್ಬರೇ. 47 ವರ್ಷ, ಮದುವೆ ಆಗಿಲ್ಲ. ನಾನು ಅಕ್ಕ ಅಂತಲೇ ಕರೆಯುತ್ತೇನೆ.

ಮೂರು ವರ್ಷದಲ್ಲಿ ಆ ಅಜ್ಜಿಯ ಮೈಮೇಲೆ ಒಂದು ಹುಣ್ಣು ಆಗಿರಲಿಲ್ಲ. ಹೊಸಬರಿಗೆ ಬ್ಯಾಕ್ ಕೇರ್, ಅಂದರೆ ಮಲಗಿದವರ ಬೆನ್ನು ಹುಣ್ಣಾಗದ ಹಾಗೆ ನೋಡಿಕೊಳ್ಳೋದು, ಹೇಳಿಕೊಡುವಾಗ ನಾನು ಈ ಮನೆಯದ್ದೇ ಉದಾಹರಣೆ ಕೊಡುತ್ತಿದ್ದೆ. ಅವತ್ತು ನನಗೆ ಅಷ್ಟು ಕೋಪ ಬಂದಿದ್ದಕ್ಕೆ ಅದೂ ಒಂದು ಕಾರಣ ಇರಬೇಕು.

ಅಜ್ಜಿಯನ್ನು ಮಗ್ಗುಲಿಗೆ ತಿರುಗಿಸಿದೆ. ಸೊಂಟದ ಕೆಳಗೆ ಅಂಗೈಯಗಲದ ಹುಣ್ಣು. ಗ್ರೇಡ್ ಟು, ಅಂದರೆ ಚರ್ಮದ ಮೇಲ್ಪದರ ಕಿತ್ತುಹೋಗಿದೆ. ಸೊಂಟದ ಕೆಳಗೆ ಹಾಸುವ ಡ್ರಾಶೀಟ್ ಒದ್ದೆ. ತಲೆ ಎತ್ತಿದರೆ ಎದುರಿಗೆ ಗೋಡೆಯ ಮೇಲೆ ನಾನೇ ಅಂಟಿಸಿದ್ದ ಚಾರ್ಟು. ಎರಡು ಗಂಟೆಗೊಮ್ಮೆ ಎಡ, ಬಲ, ಅಂಗಾತ. ಆಗ ಬೆಳಿಗ್ಗೆ 11 ಗಂಟೆ. ಚಾರ್ಟಿನಲ್ಲಿ ಅವತ್ತಿನ ರಾತ್ರಿ 8ರವರೆಗೂ ಟಿಕ್ ಬಿದ್ದಿತ್ತು.

“ಇನ್ನೂ ಬರದೇ ಇರೋ ಹೊತ್ತಿಗೂ ಟಿಕ್ ಹಾಕಿದ್ದೀರಲ್ಲ ಅಕ್ಕ, ಯಾರಿಗೆ ಮೋಸ ಮಾಡ್ತಿದ್ದೀರಾ?” ಅಂದೆ. ಪಕ್ಕದ ಮನೆಯವರು ಮಜ್ಜಿಗೆ ಕೊಡೋಕೆ ಬಂದು ಬಾಗಿಲಲ್ಲಿ ನಿಂತಿದ್ದರು. ಅವರ ಎದುರಿಗೇ ಅಂದೆ. ಅಷ್ಟಕ್ಕೂ ನಿಲ್ಲಿಸಲಿಲ್ಲ. ಟ್ಯಾಬ್ ತೆಗೆದು, ಹುಣ್ಣಿಗೆ ಕಾರಣ ಏನು ಅನ್ನುವ ಕಡೆ ‘ನೆಗ್ಲೆಕ್ಟ್’, ಅಂದರೆ ನಿರ್ಲಕ್ಷ್ಯ ಅಂತ ಆರಿಸಿ ಸಬ್ಮಿಟ್ ಒತ್ತಿದೆ. “ಹೀಗೇ ಆದ್ರೆ ನಾನು 14567ಕ್ಕೆ ಫೋನ್ ಮಾಡಬೇಕಾಗುತ್ತೆ” ಅಂತಲೂ ಹೇಳಿದೆ. ಅದು ಹಿರಿಯರ ಸಹಾಯವಾಣಿ. ಅದನ್ನು ಹಿಡಿದು ಒಬ್ಬ ಮಗಳನ್ನು ಹೆದರಿಸಿದೆ.

ಅಕ್ಕ ತುಟಿ ಬಿಚ್ಚಲಿಲ್ಲ. ನೈಟಿ ಮೇಲೆ ಟವೆಲ್ ಹೊದ್ದು ಗೋಡೆಗೆ ಒರಗಿ ನಿಂತಿದ್ದರು. ಬಿಸಿನೀರು ಕೇಳಿದೆ. ಎಡಗೈಯಲ್ಲಿ ಚೊಂಬು ಹಿಡಿದು ತಂದರು. ಅರ್ಧ ದಾರಿಯಲ್ಲೇ ಜಾರಿ ಬಿತ್ತು. ನಡುಮನೆ ತುಂಬಾ ನೀರು. ಬಗ್ಗಿ ಒರೆಸಲಿಲ್ಲ, ಸುಮ್ನೆ ನೋಡುತ್ತಾ ನಿಂತರು. ಆಗಲೂ ನನಗೆ ಅನಿಸಿದ್ದು ಒಂದೇ. ಇವರಿಗೆ ಅಮ್ಮನ ಮೇಲೆ ಮೊದಲಿನ ಕಾಳಜಿ ಇಲ್ಲ.

ಎರಡು ಮೂರು ನಿಮಿಷ ಯಾರೂ ಮಾತಾಡಲಿಲ್ಲ. ಸಲೈನ್ ನೀರು ಹಾಕಿ ಹುಣ್ಣು ತೊಳೆಯುತ್ತಿದ್ದೆ. ಅಜ್ಜಿ ಗಂಟಲಲ್ಲೇ ಕೂಗತೊಡಗಿದರು. ಉರಿಗೆ ಕೂಗುತ್ತಿದ್ದಾರೆ ಅಂದುಕೊಂಡು “ಆಯ್ತು ಅಜ್ಜಿ, ಆಗೋಯ್ತು” ಅಂದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಸರಿಯಿರುವ ಎಡಗೈ ಚಾಚಿ ಮಗಳ ಟವೆಲ್ ಹಿಡಿದು ಜಗ್ಗಿದರು. ಮತ್ತೆ ಜಗ್ಗಿದರು. ಟವೆಲ್ ಕೆಳಗೆ ಬಿತ್ತು. ಅಕ್ಕನ ಬಲ ಮಣಿಕಟ್ಟು ಊದಿ, ಕಪ್ಪುಗಟ್ಟಿ, ಸೊಟ್ಟಗಾಗಿತ್ತು. ಅರಿಶಿನದ ಪಟ್ಟು ಹಾಕಿ ಹಳೇ ಪಂಚೆಯ ತುಂಡು ಸುತ್ತಿಕೊಂಡಿದ್ದರು.

ಒಂಬತ್ತು ದಿನ ಆಗಿತ್ತಂತೆ. ಅಮ್ಮನನ್ನು ಎತ್ತಿ ಕಮೋಡ್ ಕುರ್ಚಿಗೆ ಕೂರಿಸುವಾಗ ಇಬ್ಬರೂ ಜಾರಿದ್ದಾರೆ. ಅಮ್ಮನ ತಲೆಗೆ ಪೆಟ್ಟಾಗದಿರಲಿ ಅಂತ ಇವರು ಕೈ ಊರಿದ್ದಾರೆ.

“ಆಸ್ಪತ್ರೆಗೆ ಯಾಕೆ ಹೋಗ್ಲಿಲ್ಲ ಅಕ್ಕ?”

“ಎಕ್ಸ್‌ರೇ ಅಂದ್ರೆ ಅರ್ಧ ದಿನ ಬೇಕಲ್ವಾ ಸಿಸ್ಟರ್. ಅಮ್ಮನ ಹತ್ರ ಯಾರಿರ್ತಾರೆ?”

“ನನಗೆ ಒಂದು ಫೋನ್ ಮಾಡಬಹುದಿತ್ತಲ್ಲ?”

“ನೀವು ಬರೋದು ಅಮ್ಮನಿಗೆ ಅಲ್ವಾ?”

ಇದನ್ನು ಅವರು ನನ್ನನ್ನು ಚುಚ್ಚೋಕೆ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಆಮೇಲೆ ಚಾರ್ಟನ್ನು ಹತ್ತಿರ ಹೋಗಿ ನೋಡಿದೆ. ಒಂಬತ್ತು ದಿನದ ಹಿಂದಿನ ಟಿಕ್‌ಗಳು ಅಚ್ಚುಕಟ್ಟಾಗಿವೆ. ಅಲ್ಲಿಂದ ಈಚೆಗಿನವು ಎಲ್ಲಾ ನಡುಗಿವೆ, ಉಲ್ಟಾ ವಾಲಿವೆ. ಎಡಗೈಯಲ್ಲಿ ಹಾಕಿದ್ದು. ಪೆನ್ ಹಿಡಿಯೋದೇ ಕಷ್ಟ ಅಂತ ಬೆಳಿಗ್ಗೆ ಒಂದೇ ಸಲ ಇಡೀ ದಿನದ್ದು ಹಾಕಿಬಿಡುತ್ತಿದ್ದರು. ಖಾಲಿ ಬಿಟ್ಟರೆ ನಾನು ಬೈಯುತ್ತೇನೆ ಅನ್ನುವ ಹೆದರಿಕೆ ಬೇರೆ. ಅಮ್ಮನನ್ನು ಅವರು ತಿರುಗಿಸುತ್ತಲೇ ಇದ್ದರು. ಒಂದು ಕೈಯಲ್ಲಿ ಎತ್ತಿ ತಿರುಗಿಸಲು ಆಗದೆ, ಶೀಟ್ ಹಿಡಿದು ಎಳೆಯುತ್ತಿದ್ದರು. ಹಾಗೆ ಎಳೆದಾಗ ಚರ್ಮ ಒಂದು ಕಡೆ, ಮೂಳೆ ಒಂದು ಕಡೆ ಜಗ್ಗಿ ಹುಣ್ಣಾಗುತ್ತದೆ. ಹುಣ್ಣಿನ ಅಂಚು ನೋಡಿದ ಕೂಡಲೇ ನನಗೆ ಅದು ಹೊಳೆಯಬೇಕಿತ್ತು. ಓದಿದ್ದೇನೆ, ಬೇರೆಯವರಿಗೆ ಪಾಠ ಮಾಡಿದ್ದೇನೆ.

ನಮ್ಮ ಗಾಡಿಯಲ್ಲೇ ಅಕ್ಕನನ್ನು ಆಸ್ಪತ್ರೆಗೆ ಕಳಿಸಿದೆ. ಡ್ರೈವರ್ ಅಣ್ಣ, ಪಕ್ಕದ ಮನೆಯವರು ಜೊತೆಗೆ ಹೋದರು. ನಾನು ಅಜ್ಜಿಯ ಹತ್ತಿರ ಉಳಿದೆ. ನಮ್ಮ ವಿಸಿಟ್ ಸಾಮಾನ್ಯವಾಗಿ ಇಪ್ಪತ್ತು ನಿಮಿಷ. ಅವತ್ತು ನಾಲ್ಕೂವರೆ ಗಂಟೆ ಆ ಮನೆಯಲ್ಲಿದ್ದೆ. ಒಂದು ಬಟ್ಟಲು ರಾಗಿ ಗಂಜಿ ಕುಡಿಸೋಕೆ ಮುಕ್ಕಾಲು ಗಂಟೆ ಬೇಕಾಯಿತು. ಚಮಚದಲ್ಲಿ ಒಂದು ಗುಟುಕು, ನುಂಗುವವರೆಗೆ ಕಾಯೋದು, ತುಟಿ ಒರೆಸೋದು, ಮತ್ತೊಂದು ಗುಟುಕು. ಅವಸರ ಮಾಡಿದರೆ ನೆತ್ತಿಗೆ ಹತ್ತುತ್ತದೆ. ಎರಡು ಸಲ ಮಗ್ಗುಲು ಬದಲಾಯಿಸಿ, ಒಂದು ಸಲ ಡೈಪರ್ ಬದಲಾಯಿಸುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತ್ತು.

ಮೂಳೆ ಮುರಿದಿತ್ತು. ಪ್ಲಾಸ್ಟರ್ ಪಟ್ಟಿ, ಆರು ವಾರ. ನನ್ನ ನಾಲ್ಕು ಮನೆ ಬಾಕಿ ಉಳಿದವು. ಕೋಆರ್ಡಿನೇಟರ್ ಮೇಡಂ ಫೋನಿನಲ್ಲಿ ಮೊದಲು ಕೇಳಿದ್ದು ಲೈನ್ ಲಿಸ್ಟ್ ಯಾಕೆ ಮುಗಿದಿಲ್ಲ ಅಂತ. ಅವರ ಮೇಲೂ ಟಾರ್ಗೆಟ್ ಇದೆ, ಗೊತ್ತು. ಆದರೂ ಬೇಜಾರಾಯಿತು.

ಆರು ವಾರ ಅಜ್ಜಿಯನ್ನು ಯಾರು ನೋಡಿಕೊಳ್ಳಬೇಕು? ಆ ರಾತ್ರಿ ಕೂತು ಲೆಕ್ಕ ಹಾಕಿದೆ. ತಿಂಗಳಿಗೆ ಅಜ್ಜಿಗೆ ಹಿರಿಯರ ಪಿಂಚಣಿ ಸಂಧ್ಯಾ ಸುರಕ್ಷಾ 1,200 ರೂಪಾಯಿ. ಅಕ್ಕನಿಗೆ ಮದುವೆ ಆಗದವರ ಪಿಂಚಣಿ ಮನಸ್ವಿನಿ 800. ಗೃಹಲಕ್ಷ್ಮಿ 2,000. ಒಟ್ಟು 4,000. ಪಟ್ಟಣದಿಂದ ಆಯಾ ಕರೆಸೋಣ ಅಂದರೆ ದಿನಕ್ಕೆ ಒಂದು ಸಾವಿರ ಕೇಳಿದರು. ನಾಲ್ಕು ದಿನಕ್ಕೆ ಮುಗಿಯಿತು. ಮೂರು ವೃದ್ಧಾಶ್ರಮಕ್ಕೆ ಫೋನ್ ಮಾಡಿದೆ. ಮೂರೂ ಕಡೆ, ಹಾಸಿಗೆ ಹಿಡಿದವರನ್ನು ತಗೊಳ್ಳಲ್ಲ ಅಂದರು. ಬಡ ಕುಟುಂಬಗಳಿಗೆ ಆಯುಷ್ಮಾನ್ ಭಾರತ್‌ನಲ್ಲಿ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಆದರೆ ಅದು ಆಸ್ಪತ್ರೆಗೆ ಸೇರಿದರೆ. ಅಜ್ಜಿಗೆ ಬೇಕಾಗಿದ್ದು ಎರಡು ಗಟ್ಟಿ ಕೈ. ಅದಕ್ಕೆ ಪ್ಯಾಕೇಜ್ ಇಲ್ಲ.

ಬೆಂಗಳೂರಿನಲ್ಲಿರುವ ತಮ್ಮನ ಮೇಲೆ ಎಸಿ (ಉಪವಿಭಾಗಾಧಿಕಾರಿ) ಹತ್ತಿರ ಅರ್ಜಿ ಹಾಕಿ ಅಂತ ಯಾರೋ ಅಕ್ಕನಿಗೆ ಹೇಳಿದರು. 2007ರ ಕಾಯ್ದೆಯಲ್ಲಿ ತಂದೆ ತಾಯಿಗೆ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಲು ದಾರಿ ಇದೆ. ಒಳ್ಳೆಯ ಕಾನೂನು, ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಆದರೆ ಅದು ನೋಡಿಕೊಳ್ಳದೇ ಇರುವ ಮಕ್ಕಳಿಗಾಗಿ ಬರೆದದ್ದು. ನೋಡಿಕೊಳ್ಳುತ್ತಾ ಸವೆದುಹೋಗುವ ಮಕ್ಕಳಿಗೆ ಅದರಲ್ಲಿ ಏನೂ ಇಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ, ಹೆಚ್ಚು ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ಮಾತಿದೆ. ಆ ಮನೆಗೆ ಅಂಥ ಒಂದು ರೂಪಾಯಿ ಬಂದಿದ್ದನ್ನು ನಾನು ಕಂಡಿಲ್ಲ. ಕೇರಳದಲ್ಲಿ ‘ಆಶ್ವಾಸಕಿರಣಂ’ ಅಂತ ಯೋಜನೆ ಇದೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ. ಸಣ್ಣ ಮೊತ್ತ, ಒಪ್ಪುತ್ತೇನೆ. ಆದರೆ ನೋಡಿಕೊಳ್ಳುವವರು ಅಂತ ಒಬ್ಬರಿದ್ದಾರೆ ಅನ್ನೋದು ಸರ್ಕಾರದ ಪುಸ್ತಕದಲ್ಲಿ ಬರುತ್ತದಲ್ಲ, ನನಗೆ ಅದು ದೊಡ್ಡದು. ಜೊತೆಗೆ ತಾಲ್ಲೂಕಿಗೊಂದು ಕಡೆ ನಾಲ್ಕು ಹಾಸಿಗೆ ಬೇಕು. ಮಗಳಿಗೆ ಜ್ವರ ಬಂದಾಗ, ಕೈ ಮುರಿದಾಗ ಅಮ್ಮನನ್ನು ಹತ್ತು ದಿನ ಬಿಟ್ಟುಹೋಗುವ ಜಾಗ.

ಕೊನೆಗೆ ಊರೇ ಕೈ ಜೋಡಿಸಿತು. ತಮ್ಮ ಬಂದು ಐದು ದಿನ ಇದ್ದು ಹೋದರು. ಆಶಾ ಕಾರ್ಯಕರ್ತೆ ಸ್ತ್ರೀಶಕ್ತಿ ಸಂಘದ ಇಬ್ಬರನ್ನು ಒಪ್ಪಿಸಿದರು. ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು. ಅವರಿಗೆ ಕೂಲಿಗೆ ಒಂದಿಷ್ಟು ದುಡ್ಡನ್ನು ಮೇಡಮ್ಮೇ ಪೆಟ್ಟಿ ಕ್ಯಾಶ್‌ನಿಂದ ಹೊಂದಿಸಿದರು. ಏರ್ ಬೆಡ್ಡೂ ಕಳಿಸಿದರು. ಹುಣ್ಣು ಮಾಯಲು ಎರಡೂವರೆ ತಿಂಗಳು ಹಿಡಿಯಿತು.

ನಾನು ಅಕ್ಕನ ಹತ್ತಿರ ತಪ್ಪಾಯಿತು ಅಂದೆ, ಪಕ್ಕದ ಮನೆಯವರನ್ನು ಕರೆಸಿ ಅವರ ಎದುರಿಗೇ. ಬೈದದ್ದು ಅವರ ಎದುರಿಗೆ ತಾನೇ. ಈಗ ಯಾವ ಮನೆಗೆ ಹೋದರೂ ಬ್ಯಾಗ್ ಇಟ್ಟ ಕೂಡಲೇ ಪೇಷೆಂಟ್ ಹತ್ತಿರ ಹೋಗುವುದಿಲ್ಲ. ನೋಡಿಕೊಳ್ಳುವವರನ್ನು ಕೂರಿಸಿ ಮೂರು ಮಾತು ಕೇಳುತ್ತೇನೆ. ನಿನ್ನೆ ಎಷ್ಟು ಹೊತ್ತು ಮಲಗಿದಿರಿ, ಎಲ್ಲಾದರೂ ನೋವಿದೆಯಾ, ನಿಮ್ಮ ಮಾತ್ರೆ ಇದೆಯಾ. ಬಿಪಿ ನೋಡುತ್ತೇನೆ. ಕೈ ಹಿಡಿದು ನೋಡುತ್ತೇನೆ. ಎರಡೇ ವಾರದಲ್ಲಿ ಮೂರು ಜನರ ಬಿಪಿ ಜಾಸ್ತಿ ಇದ್ದದ್ದು ಸಿಕ್ಕಿತು, ಅವರಿಗೇ ಗೊತ್ತಿರಲಿಲ್ಲ. ಇದನ್ನೆಲ್ಲ ಬರೆಯೋಕೆ ಆ್ಯಪ್‌ನಲ್ಲಿ ಜಾಗ ಇಲ್ಲ. ‘ಕೇರ್‌ಗಿವರ್: ಇದ್ದಾರೆ / ಇಲ್ಲ’, ಅಷ್ಟೇ. ಕೇಸ್ ಶೀಟಿನ ಮೇಲ್ಗಡೆ ಕೆಂಪು ಪೆನ್ನಿನಲ್ಲಿ ಬರೆದಿಡುತ್ತೇನೆ.

ಹೋದ ವಾರ ಹೋದಾಗ ಅಕ್ಕನ ಚಾರ್ಟಿನಲ್ಲಿ ರಾತ್ರಿ ಒಂದರಿಂದ ಐದರವರೆಗೆ ಖಾಲಿ ಇತ್ತು. “ಮಲಗಿಬಿಟ್ಟೆ ಸಿಸ್ಟರ್” ಅಂದರು. ಒಳ್ಳೇದಾಯ್ತು ಅಂದೆ.

ಟ್ಯಾಬ್‌ನಲ್ಲಿ ಆ ಮನೆ ತೆರೆದರೆ ಇವತ್ತಿಗೂ ಮೊದಲು ಬರೋದು ‘ನೆಗ್ಲೆಕ್ಟ್’ ಅನ್ನುವ ಕೆಂಪು ಗುರುತು. ಸಬ್ಮಿಟ್ ಆದ ಮೇಲೆ ನಾವು ತಿದ್ದುವ ಹಾಗಿಲ್ಲ, ಹೆಡ್ ಆಫೀಸಿನವರೇ ತೆಗೆಯಬೇಕು. ಈ ಸೋಮವಾರ ಮೂರನೇ ಸಲ ಮೇಲ್ ಹಾಕಿದ್ದೇನೆ.