ಪಿಕಪ್ಪಿಗೆ ಸೈಲೆನ್ಸರ್ ಕೂರಿಸಿದ ದಿನ

ಕಲಬುರಗಿ, 8 ಮಾರ್ಚ್ 2025, ಶನಿವಾರ

ಬೆಳಿಗ್ಗೆ ಏಳಕ್ಕೇ ಕಪನೂರಿನ ವೆಲ್ಡಿಂಗ್ ಶೆಡ್ಡಿಗೆ ಹೊರಟೆ. ರಂಜಾನ್ ತಿಂಗಳು, ಅಲ್ಲಿಯ ಮೇಸ್ತ್ರಿ ಉಸ್ತಾದರು ರೋಜಾ ಇರುತ್ತಾರೆ. ಬಿಸಿಲೇರುವುದರೊಳಗೆ ವೆಲ್ಡಿಂಗ್ ಮುಗಿಸಿಬಿಡೋಣ, ಬೇಗ ಬನ್ನಿ ಎಂದು ನಿನ್ನೆ ರಾತ್ರಿಯೇ ಫೋನ್ ಮಾಡಿ ಹೇಳಿದ್ದರು. ಹುಮನಾಬಾದ್ ರಸ್ತೆಯುದ್ದಕ್ಕೂ ನಮ್ಮ ಪಿಕಪ್ ಕೂಗಿಕೊಂಡೇ ಹೋಯಿತು. ಸೈಲೆನ್ಸರ್ ತೂತು ಬಿದ್ದು ಹದಿನೈದು ದಿನವಾಗಿತ್ತು. ಮೊದಮೊದಲು ಪುಸುಪುಸು ಎನ್ನುತ್ತಿದ್ದದ್ದು, ಕಳೆದ ವಾರ ಸೇಡಂ ರಸ್ತೆಯ ಹಂಪ್ ಒಂದಕ್ಕೆ ತಗುಲಿದ ಮೇಲೆ ಪೂರ್ತಿ ಬಾಯಿ ಬಿಟ್ಟಿತ್ತು.

ಗಾಡಿ 2008ರ ಮಹೀಂದ್ರ. 2523 ಸಿಸಿಯ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್, ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಇದೆ. ಹದಿನೇಳು ವರ್ಷ ತೊಗರಿ ಚೀಲ ಹೊತ್ತಿದೆ, ಫರಸಿ ಕಲ್ಲು ಹೊತ್ತಿದೆ, ಮೂರು ಮದುವೆಗಳ ಪಾತ್ರೆ ಪಗಡ ಹೊತ್ತಿದೆ. ಇದನ್ನು ಮಾರುವ ಮಾತು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಅಣ್ಣನ ಮಗ ಈಗ ಈ ಗಾಡಿ ಓಡಿಸುತ್ತಾನೆ. ಸೈಲೆನ್ಸರ್ ಹೋದ ದಿನದಿಂದ ಅವನದು ಒಂದೇ ಮಾತು: "ಕಾಕಾ, ಹೇಗೂ ಬದಲಿಸಲೇಬೇಕು. ಡಬಲ್ ಸೈಲೆನ್ಸರ್ ಹಾಕಿಸೋಣ." ಊಟಕ್ಕೆ ಕುಳಿತಾಗಲೂ ಮೊಬೈಲಿನಲ್ಲಿ ಅಮೆರಿಕದ ಪಿಕಪ್‌ಗಳನ್ನು ತೋರಿಸುತ್ತಿದ್ದ. ಹಳೆಯ ಫೋರ್ಡ್, ಹಳೆಯ ಷೆವರ್ಲೆ, ಹಿಂದೆ ಎರಡು ಹೊಳೆಯುವ ಕೊಳವೆ. ಚಾವಿ ತಿರುಗಿಸಿದರೆ ಎದೆಗೂಡಿನೊಳಗೆ ಡೊಳ್ಳು ಬಡಿದಂತೆ ಗುಡುಗುಡು. ಆ ಆಸೆ ನನಗೂ ಹತ್ತಿತು. ಎರಡು ರಾತ್ರಿ ಎಲ್ಲರೂ ಮಲಗಿದ ಮೇಲೆ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಅದನ್ನೇ ಕೇಳಿದ್ದೇನೆ. ಎಂಜಿನ್ನಿನ ಸದ್ದು ನನಗೆ ಚಿಕ್ಕಂದಿನಿಂದ ಪ್ರೀತಿ. ಬಸ್ಸು ಏರು ಹತ್ತುವಾಗ ಚಾಲಕನ ಹಿಂದೆಯೇ ನಿಂತು ಗೇರ್ ಬದಲಾಗುವುದನ್ನು ಕೇಳುತ್ತಿದ್ದ ಹುಡುಗ ನಾನು.

ಆದರೆ ಕೇಳುತ್ತ ಕೇಳುತ್ತ ಒಂದು ವಿಷಯ ಹೊಳೆಯಿತು. ಆ ಗುಡುಗು ಕೊಳವೆಯದಲ್ಲ, ಎಂಜಿನ್ನಿನದು. ಅಲ್ಲಿಯ ಆ ಗಾಡಿಗಳಲ್ಲಿ ವಿ8 ಪೆಟ್ರೋಲ್ ಎಂಜಿನ್ ಇರುತ್ತದೆ. ಎಂಟು ಸಿಲಿಂಡರ್‌ಗಳು ನಾಲ್ಕು ನಾಲ್ಕರಂತೆ ಎರಡು ಸಾಲಾಗಿ ಇಂಗ್ಲಿಷಿನ ವಿ ಅಕ್ಷರದ ಹಾಗೆ ಕುಳಿತಿರುತ್ತವೆ. ಒಂದೊಂದು ಸಾಲಿಗೂ ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸುವ ಅದರದೇ ಮ್ಯಾನಿಫೋಲ್ಡ್, ಅದರದೇ ಕೊಳವೆ. ಹೊಗೆ ಹುಟ್ಟುವ ಜಾಗದಲ್ಲೇ ಎರಡು ದಾರಿ ಇರುವುದರಿಂದ ಹಿಂದಿನವರೆಗೂ ಎರಡು ಕೊಳವೆ ಹೋಗುವುದು ಅಲ್ಲಿ ಸಹಜ. ಇನ್ನೊಂದು ಗುಟ್ಟೂ ಇದೆ. ಒಟ್ಟು ಎಂಜಿನ್ನಿನಲ್ಲಿ ಇಂಧನ ಸಮ ಅಂತರದಲ್ಲಿ ಸಿಡಿದರೂ ಒಂದೊಂದು ಸಾಲನ್ನು ಬೇರೆಯಾಗಿ ನೋಡಿದರೆ ಸಿಡಿತಗಳ ನಡುವಿನ ಅಂತರ ಸಮವಾಗಿರುವುದಿಲ್ಲ. ಒಮ್ಮೆ ಎರಡು ಹತ್ತಿರ ಹತ್ತಿರ, ಆಮೇಲೆ ಒಂದು ಬಿಡುವು. ನಾವು ಇಷ್ಟಪಡುವ ಆ ಗುಡುಗುಡು ಹುಟ್ಟುವುದು ಈ ಏರುಪೇರಿನ ತಾಳದಿಂದ.

ನಮ್ಮದು ನಾಲ್ಕೂ ಸಿಲಿಂಡರ್ ಒಂದೇ ಸಾಲಿನಲ್ಲಿರುವ ಎಂಜಿನ್. ಮ್ಯಾನಿಫೋಲ್ಡ್ ಒಂದೇ. ಅರ್ಧ ಸುತ್ತಿಗೊಂದು ಸಿಡಿತ, ಗಡಿಯಾರದ ಹಾಗೆ. ನಿಂತಲ್ಲಿ ನಿಮಿಷಕ್ಕೆ 750 ಸುತ್ತು ತಿರುಗಿದರೆ ಸೆಕೆಂಡಿಗೆ 25 ಸಿಡಿತ. ಅದೇ ವೇಗದಲ್ಲಿ ವಿ8ಕ್ಕೆ 50. ಅದರ ಮೇಲೆ ನಮ್ಮ ಹೊಗೆ ಹೊರಬರುವ ಮೊದಲು ಟರ್ಬೊ ಚಕ್ರವನ್ನು ತಿರುಗಿಸಿ ಬರಬೇಕು. ಸಿಡಿತದ ಬಡಿತವೆಲ್ಲ ಅಲ್ಲಿಯೇ ಅರ್ಧ ಸೋತುಹೋಗುತ್ತದೆ. ಇಷ್ಟಾದ ಮೇಲೆ ಹಿಂದೆ ಒಂದು ಕೊಳವೆಯನ್ನು ಸೀಳಿ ಎರಡು ಮಾಡಿದರೆ ಅದು ಬರಿಯ ಅಲಂಕಾರ. ಸೈಲೆನ್ಸರ್ ಕಿತ್ತು ಹಾಕಿದರೆ ಸದ್ದು ಜೋರಾಗುತ್ತದೆ ನಿಜ, ಗುಡುಗಾಗುವುದಿಲ್ಲ, ಗಂಟಲು ಕಟ್ಟಿದವನ ಕೂಗಾಗುತ್ತದೆ. ಹದಿನೈದು ದಿನದಿಂದ ನಾವು ಕೇಳುತ್ತಿರುವುದು ಅದನ್ನೇ.

ಉಸ್ತಾದರಿಗೆ ಇದನ್ನೆಲ್ಲ ಹೇಳಬೇಕಾಗಲಿಲ್ಲ. ಗಾಡಿ ಶೆಡ್ಡಿನೊಳಗೆ ನುಗ್ಗುವುದನ್ನು ಕೇಳಿಯೇ "ನಡುವಿನ ಡಬ್ಬಿ ಹೋಗಿದೆ, ಮುಂದಿನ ಗ್ಯಾಸ್ಕೆಟ್ ಕೂಡ ಲೀಕ್ ಇದೆ" ಎಂದರು. ಬಿಚ್ಚಿದಾಗ ಎರಡೂ ನಿಜವಾಯಿತು.

ಹಳೆಯ ಡಬ್ಬಿಯನ್ನು ನಾನೇ ಕೇಳಿಕೊಂಡು ಗ್ರೈಂಡರಿನಿಂದ ಉದ್ದಕ್ಕೆ ಸೀಳಿಸಿದೆ. ಇಷ್ಟು ವರ್ಷ ಓಡಿಸಿದ್ದೇನೆ, ಒಳಗೆ ಏನಿದೆ ಎಂದು ಒಮ್ಮೆಯೂ ನೋಡಿರಲಿಲ್ಲ. ಮೂರು ಕೋಣೆಗಳು. ನಡುವೆ ತಗಡಿನ ಗೋಡೆಗಳು. ಗೋಡೆಗಳನ್ನು ದಾಟಿ ಹೋಗುವ ಕೊಳವೆಗಳ ಮೈತುಂಬ ಜರಡಿಯ ಹಾಗೆ ತೂತು. ಸದ್ದು ಒಂದು ಕೋಣೆಗೆ ಹೊಕ್ಕು ಗೋಡೆಗೆ ಬಡಿದು ಹಿಂದಿರುಗಿ, ಎದುರು ಬರುವ ಸದ್ದಿಗೇ ಡಿಕ್ಕಿ ಹೊಡೆದು ಕರಗುವ ಏರ್ಪಾಡು ಅದು. ಎಷ್ಟು ಜಾಣತನದ ವಸ್ತು! ಬೆರಳಿನಿಂದ ಒಂದು ಗೋಡೆ ಒತ್ತಿದೆ, ಹಪ್ಪಳದ ಹಾಗೆ ಮುರಿಯಿತು. ಕಪ್ಪು ಮಸಿಯ ಅಡಿಯಲ್ಲಿ ಇಟ್ಟಿಗೆ ಬಣ್ಣದ ತುಕ್ಕು. ಹೊರಗಿನಿಂದ ಬಣ್ಣ ಇನ್ನೂ ಉಳಿದಿತ್ತು, ತಿಂದು ಹಾಕಿದ್ದು ಒಳಗಿನಿಂದ. ಡೀಸೆಲ್ ಉರಿದರೆ ನೀರಿನ ಆವಿಯೂ ಹುಟ್ಟುತ್ತದೆ. ಗಾಡಿ ದೂರ ಓಡಿ ಡಬ್ಬಿ ಚೆನ್ನಾಗಿ ಕಾದರೆ ಆವಿ ಹೊರಗೆ ಹೋಗುತ್ತದೆ. ಮನೆಯಿಂದ ನೆಹರು ಗಂಜ್ ಮಾರುಕಟ್ಟೆ, ಗಂಜ್‌ನಿಂದ ಮನೆ ಎಂದು ಸಣ್ಣ ಸಣ್ಣ ಸುತ್ತು ಹೊಡೆದರೆ ನೀರಾಗಿ ಅಲ್ಲೇ ನಿಲ್ಲುತ್ತದೆ. ಕಳೆದ ಎರಡು ವರ್ಷ ನಾವು ಹಾಗೆಯೇ ಓಡಿಸಿದ್ದೇವೆ.

ಅಷ್ಟರಲ್ಲಿ ಹುಡುಗ ಬೈಕಿನಲ್ಲಿ ಬಂದು ಸೇರಿದ. ಶೆಡ್ಡಿನ ಗೋಡೆಗೆ ತೂಗುಹಾಕಿದ್ದ ಎರಡು ಬಾಯಿಯ ಸೆಟ್ಟನ್ನು ಇಳಿಸಿ, ಮಗುವನ್ನು ಎತ್ತಿಕೊಂಡಂತೆ ತೋಳಿನಲ್ಲಿ ಹಿಡಿದು ನಿಂತ. ಒಂದೊಂದೂ ಒಂದೂವರೆ ಇಂಚಿನ ಕೊಳವೆ. "ಎರಡಿದ್ದರೆ ಹೊಗೆ ಸಲೀಸಾಗಿ ಹೋಗುತ್ತದೆ, ಗಾಡಿ ಚೆನ್ನಾಗಿ ಎಳೆಯುತ್ತದೆ ಕಾಕಾ" ಎಂದ. ಮಾತು ತಪ್ಪಲ್ಲ. ಟರ್ಬೊದ ಹಿಂದೆ ತಡೆ ಕಡಿಮೆಯಾದಷ್ಟೂ ಎಂಜಿನ್ನಿಗೆ ಒಳ್ಳೆಯದು. ಆದರೆ ಲೆಕ್ಕ ಬೇರೆ ಹೇಳುತ್ತದೆ. ಉಸ್ತಾದರ ಚಾಕ್ ತೆಗೆದುಕೊಂಡು ನೆಲದ ಮೇಲೆ ಬರೆದು ತೋರಿಸಿದೆ. ಈಗಿದ್ದ ಎರಡಿಂಚಿನ ಕೊಳವೆಯ ಬಾಯಿ ಸುಮಾರು 3.14 ಚದರ ಇಂಚು. ಒಂದೂವರೆ ಇಂಚಿನವು ಎರಡು ಸೇರಿದರೂ 3.53. ಎರಡೂವರೆ ಇಂಚಿನದು ಒಂದೇ ಹಾಕಿದರೆ 4.91. ಅಳತೆ ಸ್ವಲ್ಪ ಹಿಗ್ಗಿದರೆ ಬಾಯಿ ಬಹಳ ಹಿಗ್ಗುತ್ತದೆ. ಹುಡುಗ ಬಹಳ ಹೊತ್ತು ನೆಲವನ್ನೇ ನೋಡಿದ, ಮೊಬೈಲ್ ತೆಗೆದು ತಾನೇ ಗುಣಿಸಿದ. ಡಿಪ್ಲೊಮಾ ಓದಿದವನು. ಲೆಕ್ಕಕ್ಕೆ ಅವನು ಜಗಳವಾಡುವುದಿಲ್ಲ, ಅದಕ್ಕೇ ನನಗೆ ಅವನು ಇಷ್ಟ.

"ಆದರೆ ಸದ್ದು?" ಎಂದ.

ಸದ್ದಿನ ವಿಷಯದಲ್ಲಿ ಉಸ್ತಾದರು ಗಟ್ಟಿಯಾಗಿ ಹೇಳಿದರು: "ಮಾಲಕರೇ, ಇದು ಬಾಡಿಗೆ ಗಾಡಿ, ಎಂಟು ವರ್ಷ ದಾಟಿದ್ದು. ವರ್ಷಕ್ಕೊಮ್ಮೆ ಎಫ್‌ಸಿಗೆ, ಅಂದರೆ ಗಾಡಿ ಓಡಲು ಯೋಗ್ಯವೇ ಎಂಬ ತಪಾಸಣೆಗೆ, ನಿಲ್ಲಿಸಲೇಬೇಕು. ಆವತ್ತು ಇದನ್ನು ಬಿಚ್ಚಿ, ಹಳೆಯದನ್ನು ಕಟ್ಟಿ, ಮರುದಿನ ಮತ್ತೆ ಬಿಚ್ಚಿ ಕೂರಿಸುವುದು ನನ್ನ ಕೈಲಾಗದು." ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಬಂದ ಮೇಲೆ ಸದ್ದಿನ ಮಿತಿ ಮೀರಿದ ಗಾಡಿಗೆ ಹತ್ತು ಸಾವಿರ ರೂಪಾಯಿಯವರೆಗೆ ದಂಡ ಬೀಳಬಹುದು, ಜೈಲಿಗೂ ಅವಕಾಶವಿದೆ, ಲೈಸೆನ್ಸ್ ಮೂರು ತಿಂಗಳು ಹೋಗುತ್ತದೆ. ಲೈಸೆನ್ಸ್ ಹೋದರೆ ಹುಡುಗನ ದುಡಿಮೆಯೇ ಹೋದಂತೆ. ಅವನು ಕೇಳಿದ ಸೆಟ್ಟಿನ ಒಂದು ಬಾಯಿ ಎಡಗಡೆಗೆ ತಿರುಗಿತ್ತು. ಹೊಗೆಯನ್ನು ಎಡಕ್ಕೆ ಬಿಡಬಾರದೆಂದು ನಿಯಮವೇ ಇದೆ. ನಮ್ಮ ದೇಶದಲ್ಲಿ ಜನ ನಡೆಯುವುದು, ಬಸ್ಸಿಗೆ ಕಾಯುವುದು, ಹೂವು ಮಾರುವುದು ಎಲ್ಲ ಗಾಡಿಯ ಎಡಗಡೆಯಲ್ಲಿಯೇ.

ನನ್ನ ಕಾರಣ ಮಾತ್ರ ದಂಡದ್ದಲ್ಲ. ನಸುಕಿನ ನಾಲ್ಕಕ್ಕೆ ತರಕಾರಿ ತುಂಬಿಕೊಂಡು ಬರುವಾಗ ನಾವು ಒಂದು ಆಸ್ಪತ್ರೆಯ ಗೋಡೆಗೆ ಒತ್ತಿಕೊಂಡೇ ಹಾದುಹೋಗುತ್ತೇವೆ. ಹೋದ ವರ್ಷ ಅವ್ವನನ್ನು ಅಂಥದೇ ಒಂದು ವಾರ್ಡಿನಲ್ಲಿ ಮಲಗಿಸಿ ಆರು ರಾತ್ರಿ ಕಾದಿದ್ದೇನೆ. ಹೊರಗೆ ಸೈಲೆನ್ಸರ್ ಕಿತ್ತ ಬೈಕು ಹೋದಾಗಲೆಲ್ಲ ಅವ್ವನ ಕೈ ನನ್ನ ಕೈಯೊಳಗೆ ಬೆಚ್ಚಿ ಬೀಳುತ್ತಿತ್ತು. ಇದನ್ನು ಹುಡುಗನಿಗೆ ಹೇಳಿದೆ. ಅವನೂ ಎರಡು ರಾತ್ರಿ ಅಲ್ಲಿದ್ದವನು. ಸೆಟ್ಟನ್ನು ತಿರುಗಿ ಗೋಡೆಗೆ ತೂಗುಹಾಕಿದ.

ಕೊನೆಗೆ ಒಂದೇ ಡಬ್ಬಿ, ಕಂಪನಿಯ ಅಳತೆಯದೇ. ಅದರ ಹಿಂದೆ ಎರಡೂವರೆ ಇಂಚಿನ ಒಂದೇ ಕೊಳವೆ, ಹಿಂದಿನ ಚಕ್ರ ದಾಟಿ ನೇರ ಹಿಂದಕ್ಕೆ. ಬರಿಯ ಕಬ್ಬಿಣ ಬೇಡ, ಸ್ಟೀಲ್ ಹಾಕಿ ಎಂದೆ. ಅಂಗಡಿಯವನು ಕಳಿಸಿದ ಕೊಳವೆಗೆ ಉಸ್ತಾದರು ಜೇಬಿನಿಂದ ಹಳೆಯ ಸ್ಪೀಕರಿನ ಅಯಸ್ಕಾಂತ ತೆಗೆದು ತಾಗಿಸಿದರು. ಗಪ್ಪನೆ ಕಚ್ಚಿತು. "304 ಎಂದು ಬಿಲ್ ಬರೆದಿದ್ದಾನೆ, ಇದು 409" ಎಂದರು. ಇವು ಸ್ಟೀಲಿನ ದರ್ಜೆಗಳು. 304 ಸ್ಟೀಲ್ ಅಯಸ್ಕಾಂತಕ್ಕೆ ಹೀಗೆ ಅಂಟುವುದಿಲ್ಲ. 409 ಅಂಟುತ್ತದೆ, ಮೇಲೆ ತುಸು ತುಕ್ಕಿನ ಬಣ್ಣ ಬರುತ್ತದೆ, ಆದರೂ ಸೈಲೆನ್ಸರಿಗೆ ಸಾಕಷ್ಟು ಗಟ್ಟಿ. ಬಿಲ್ ತಿದ್ದಿಸಿ ಅದನ್ನೇ ಇಟ್ಟುಕೊಂಡೆವು. ಹ್ಯಾಂಗರ್ ರಬ್ಬರ್ ಎಲ್ಲ ಹೊಸದು, ಮುಂದಿನ ಗ್ಯಾಸ್ಕೆಟ್ ಹೊಸದು. ಹನ್ನೊಂದೂವರೆಗೆ ವೆಲ್ಡಿಂಗಿನ ಕೊನೆಯ ಟಾಕಿ ಬಿತ್ತು. ಶೆಡ್ಡಿನ ತಗಡು ಆಗಲೇ ಕಾದಿತ್ತು. ಉಸ್ತಾದರು ನೀರೂ ಮುಟ್ಟದೆ ಗಾಡಿಯ ಕೆಳಗೆ ಮಲಗಿ ಒಂದೊಂದು ಜೋಡಣೆಯ ಹತ್ತಿರ ಕೈ ಹಿಡಿದು ಗಾಳಿ ಸೋರುತ್ತದೆಯೇ ಎಂದು ನೋಡಿದರು. ಇಂಥ ಕೈಗಳಿಂದಲೇ ನಮ್ಮ ಹಳೆಯ ಗಾಡಿಗಳು ಇನ್ನೂ ಬದುಕಿವೆ.

ಸ್ಟಾರ್ಟ್ ಮಾಡಿ ರೇಸ್ ಕೊಟ್ಟೆ. ಮೊದಲಿಗಿಂತ ತುಸು ಆಳದ ದನಿ ಬಂತು, ತುಂಬಿದ ಕೊಡ ತಟ್ಟಿದ ಹಾಗೆ. ನನಗೆ ಅಷ್ಟು ಸಾಕು. ಹುಡುಗ ಏನೂ ಹೇಳಲಿಲ್ಲ, ಆದರೆ ಇನ್ನೊಮ್ಮೆ ರೇಸ್ ಕೊಡಿ ಎಂದು ಕೈಸನ್ನೆ ಮಾಡಿದ.

ರಿಂಗ್ ರಸ್ತೆಗೆ ಬಂದಾಗ ಕಿಟಕಿಯ ಗಾಜು ಇಳಿಸಿದ್ದೆ. ಹದಿನೈದು ದಿನದ ಮೇಲೆ ಮತ್ತೆ ಎಂಜಿನ್ನಿನ ವಾಲ್ವ್‌ಗಳ ಟಪ್ಪೆಟ್ ಸದ್ದು ಕೇಳಿಸಿತು, ಗೇರಿನ ಸಣ್ಣ ಸಿಳ್ಳೆ ಕೇಳಿಸಿತು. ಅವುಗಳ ನಡುವೆ ನನಗೆ ಗುರುತಿಲ್ಲದ ಒಂದು ಕುಂಯ್ ಎನ್ನುವ ದನಿ. ಆಕ್ಸಿಲರೇಟರ್ ಒತ್ತಿದರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಬೆಲ್ಟಿನ ಕಡೆಯದು. ಹಳೆಯ ಗಾಡಿ ಓಡಿಸುವವನಿಗೆ ಕಿವಿಯೇ ಮೀಟರ್. ಈ ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪ ಹೊತ್ತುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

ಮನೆಯ ಮುಂದೆ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟೇ ಬಾನೆಟ್ ಎತ್ತಿದೆವು. ಫ್ಯಾನಿನಿಂದ ಕೈ ದೂರವಿಟ್ಟು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿದೆ. ನುಣ್ಣಗೆ ತಿರುಗುತ್ತಿತ್ತು. ಎಂಜಿನ್ ತಣಿಸುವ ನೀರಿನ ಪಂಪಿಗೆ ಒತ್ತಿದೆ. ಒಳಗೆ ಬೀಸುಕಲ್ಲಿಗೆ ಮರಳು ಸಿಕ್ಕಿದ ಹಾಗೆ ಗರಗರ. ಬೇರಿಂಗ್. ಏಪ್ರಿಲ್ ಬಿಸಿಲಿನಲ್ಲಿ, ತುಂಬಿದ ಲೋಡಿನಲ್ಲಿ ಅದು ಕೈ ಕೊಟ್ಟಿದ್ದರೆ ಎಂಜಿನ್ ಕುದಿದು ಅದರ ಮೇಲ್ಭಾಗದ ಹೆಡ್ ಹೋಗುತ್ತಿತ್ತು.

ಸ್ಕ್ರೂಡ್ರೈವರನ್ನು ಹುಡುಗನ ಕೈಗೆ ಕೊಟ್ಟೆ. ಕಿವಿ ಹಚ್ಚಿ, ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದ. "ಸೋಮವಾರ ನಾನೇ ಬಿಚ್ಚಿಸಿಕೊಂಡು ಬರುತ್ತೇನೆ ಕಾಕಾ" ಎಂದ.